ಚಿತ್ತಾಪುರದಿಂದ ಫೈನಾನ್ಸ್ ಓದಿದ್ದು

ಎಂ.ಬಿ.ಎ. ಸೇರಿ ಫೈನಾನ್ಸ್ ತೆಗೆದುಕೊಂಡ ಮೇಲೆ ನಾನು ಬಾಯಿ ಬಿಟ್ಟಾಗಲೆಲ್ಲ ಏನಾದರೊಂದು ಆಗುತ್ತಿತ್ತು. ನಮ್ಮ ಮನೆಯಲ್ಲಿ ಅಷ್ಟು ಓದಲು ಹೊರಟವಳು ನಾನೇ ಮೊದಲು. ಆ ಹುರುಪಿನಲ್ಲಿ ಬಾಯಿ ಮುಚ್ಚಿಕೊಂಡಿರಲೂ ಆಗುತ್ತಿರಲಿಲ್ಲ.

೧. ಗಾಡಿ

ಸೀಟು ಸಿಕ್ಕ ಖುಷಿಗೆ ಪೇಡೆ ಹಿಡಿದು ದಂಡೋತಿಯ ಸೋದರಮಾವನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಮಾವನ ಗೆಳೆಯ, "ಏನ್ ಓದ್ತಿ ಯವ್ವಾ?" ಎಂದ.

"ಫೈನಾನ್ಸ್ ರೀ ಕಾಕಾ."

ಪೇಡೆ ಬಾಯಿಗೆ ಹಾಕಿಕೊಂಡವನೇ ಎದ್ದು ಹೋದ. ಸ್ವಲ್ಪ ಹೊತ್ತಿಗೆ ನೋಡಿದರೆ ತನ್ನ ಬೈಕನ್ನು ದನದ ಕೊಟ್ಟಿಗೆಗೆ ದೂಡಿ, ಮೇಲೆ ಒಣ ಜೋಳದ ಕಣಕಿ ಮುಚ್ಚುತ್ತಿದ್ದ. ನಮ್ಮ ಕಡೆ ಫೈನಾನ್ಸಿನವರು ಅಂದರೆ ಕಂತು ತಪ್ಪಿದವರ ಗಾಡಿ ಎಳೆದೊಯ್ಯುವವರು. ಓಡಿ ಹೋಗಿ, "ಕಾಕಾ, ನಾ ಇನ್ನಾ ಬರೇ ಓದ್ಲಿಕತ್ತೀನಿ" ಎಂದೆ.

"ಎಷ್ಟು ವರ್ಷದ ಓದು?"

"ಎರಡು ವರ್ಷ ರೀ."

"ಹಂಗಾದ್ರ ಚಿಂತಿಲ್ಲ. ಅಷ್ಟರಾಗ ಕಂತು ಮುಗೀತಾವ," ಎಂದು ಗಾಡಿ ಹೊರತಂದ.

೨. ರಿಟರ್ನ್

ಕಲಬುರಗಿಯ ಕಾಲೇಜಿಗೆ ದಿನಾ ರೈಲು. ಮೊದಲ ಪರೀಕ್ಷೆಯ ಬೆಳಿಗ್ಗೆ ಕಣ್ಣು ಮುಚ್ಚಿ, "ರಿಸ್ಕ್ ಇಲ್ಲಂದ್ರ ರಿಟರ್ನ್ ಇಲ್ಲ, ರಿಸ್ಕ್ ಇಲ್ಲಂದ್ರ ರಿಟರ್ನ್ ಇಲ್ಲ" ಎಂದು ಬಾಯಿಪಾಠ ಮಾಡುತ್ತಿದ್ದೆ. ವಾಡಿಯಲ್ಲಿ ಹತ್ತಿದ ಅಜ್ಜಿಯೊಬ್ಬಳು ಎದುರು ಕೂತು ಕೇಳುತ್ತಿದ್ದಳು. ಶಹಾಬಾದಿನಲ್ಲಿ ಟಿಕೆಟ್ ನೋಡುವವರು ಬಂದರು. ನಾನು ಪಾಸು ಹುಡುಕುವಷ್ಟರಲ್ಲಿ ಅಜ್ಜಿ ಅವರಿಗೆ ಕೈಮುಗಿದಳು.

"ಸಾಹೇಬ್ರ, ಬಿಟ್ಟುಬಿಡ್ರಿ ಪಾಪ. ಈ ಹುಡುಗಿ ಬಲ್ಲಿ ರಿಟರ್ನ್ ಇಲ್ಲಂತ. ರಿಸ್ಕ್ ತೊಗೊಂಡು ಕುಂತಾಳ."

ಅವರು ನನ್ನ ಪಾಸು ನೋಡಿ ನಕ್ಕು, ಅಜ್ಜಿಯ ಟಿಕೆಟ್ ಕೇಳಿದರು.

"ನಾನೂ ರಿಸ್ಕ್ ತೊಗೊಂಡೀನ್ರಿ," ಎಂದಳು ಅಜ್ಜಿ.

೩. ಬೇಟಾ

ಕೊನೆಯ ಮೌಖಿಕ ಪರೀಕ್ಷೆಯ ಹಿಂದಿನ ದಿನ. 'ಬೀಟಾ' ಎಂಬುದೊಂದು ನನ್ನ ತಲೆಗೆ ಹತ್ತುತ್ತಿರಲಿಲ್ಲ. ಮಾರುಕಟ್ಟೆ ಏರಿಳಿದಾಗ ಒಂದು ಷೇರು ಎಷ್ಟು ಏರಿಳಿಯುತ್ತದೆ ಎನ್ನುವ ಅಳತೆ ಅದು. ನಮ್ಮ ಸರ್ ಅದನ್ನು 'ಬೇಟಾ' ಅನ್ನುತ್ತಿದ್ದರು, ನಾನೂ ಹಾಗೇ. ಅಂಗಳದಲ್ಲಿ ಕೂತು ಗಟ್ಟಿಯಾಗಿ ಓದಿದೆ: "ಬೇಟಾ ಒಂದಕ್ಕಿಂತ ಹೆಚ್ಚಿದ್ದರೆ ಅಪಾಯ ಹೆಚ್ಚು."

ನಮ್ಮ ಓಣಿಯಲ್ಲಿ ಅರ್ಧ ಮಾತು ಉರ್ದು. ಬೇಟಾ ಅಂದರೆ ಮಗ. ಬಾಜು ಮನೆಯ ಕಾಕಿಗೆ ಮೂವರು ಗಂಡುಮಕ್ಕಳು. ತೊಗರಿ ಹಸನು ಮಾಡುತ್ತಿದ್ದವಳು ಮೊರ ಬಿಟ್ಟು ಗೋಡೆಯ ಮೇಲಿಂದ ಇಣುಕಿದಳು.

"ಭಾಳ ಖರೇ ಬರದಾರ. ಮುಂದ ಓದು."

"ಬೇಟಾ ನೆಗೆಟಿವ್ ಇದ್ದರೆ, ಮಾರ್ಕೆಟ್ ಮೇಲೆ ಹೋದಾಗ ಅದು ಕೆಳಗೆ ಹೋಗುತ್ತದೆ."

"ಅಂವ ನಮ್ಮ ನಡುವಿನಂವ. ಬಜಾರಕ್ಕ ಹೋಗಂದ್ರ ಹೊಲಕ್ಕ ಹೋಗ್ತಾನ, ಹೊಲಕ್ಕ ಹೋಗಂದ್ರ ಬಜಾರಕ್ಕ."

ಎರಡು ವರ್ಷ ಹತ್ತದೇ ಇದ್ದದ್ದು ಆ ಕ್ಷಣಕ್ಕೆ ತಲೆಗೆ ಹತ್ತಿತು. ಕುಣಿಯುವುದೊಂದು ಬಾಕಿ.

ಮರುದಿನ ಹೊರಗಿನಿಂದ ಬಂದ ಪರೀಕ್ಷಕರು ಮುಖ ಗಂಟು ಹಾಕಿಕೊಂಡು ಕೇಳಿದ್ದೂ ಅದನ್ನೇ: "ನೆಗೆಟಿವ್ ಬೀಟಾಕ್ಕ ಒಂದು ಉದಾಹರಣೆ ಕೊಡಮ್ಮ." ಯಾವುದಾದರೂ ಷೇರಿನ ಹೆಸರು ಹೇಳಬೇಕಿತ್ತು. ಬಾಯಿಂದ ಬಂದದ್ದು, "ನಮ್ಮ ಬಾಜು ಮನಿ ಕಾಕಿ ನಡುವಿನ ಮಗ ರೀ." ಇನ್ನು ಹಿಂದೆ ಸರಿಯುವಂತಿರಲಿಲ್ಲ, ಬಜಾರು, ಹೊಲ ಎಲ್ಲ ವಿವರಿಸಿದೆ.

ಅವರು ಪೆನ್ನು ಕೆಳಗಿಟ್ಟರು. ನನ್ನ ಪದವಿ ಹೋಯಿತು ಅಂದುಕೊಂಡೆ. ಪಕ್ಕದಲ್ಲಿದ್ದ ನಮ್ಮ ಸರ್ ಕಡೆ ತಿರುಗಿ ಹೇಳಿದರು:

"ಪೂರಾ ಮಾರ್ಕ್ಸ್ ಹಾಕ್ರಿ. ನಮ್ಮ ಮನ್ಯಾಗ ಅಂಥವ್ರು ಇಬ್ರು ಅದಾರ."