ಟ್ರಾವೆಲ್ ಎಂಬ ಶಬ್ದ ಮತ್ತು ನನ್ನ ಪಾದಗಳು

ಪ್ರಯಾಣಕ್ಕೆ ಇಂಗ್ಲಿಷಿನವರು ‘ಟ್ರಾವೆಲ್’ ಎನ್ನುತ್ತಾರಲ್ಲ, ಆ ಶಬ್ದ ಹುಟ್ಟಿದ್ದು ಕಷ್ಟ, ದುಡಿತ ಎಂಬ ಅರ್ಥದ ಹಳೆಯ ಫ್ರೆಂಚ್ ಮಾತಿನಿಂದ. ಅದರ ಹಿಂದೆ, ಮನುಷ್ಯರನ್ನು ಕಟ್ಟಿ ಹಿಂಸಿಸುವ ಮೂರು ಗೂಟಗಳಿವೆ. ಹೀಗೆಂದು ಹೈದರಾಬಾದಿನ ಕಾಲೇಜಿನಲ್ಲಿ ನಮ್ಮ ಪ್ರೊಫೆಸರರು ಹೇಳಿದ್ದರು. ಗೂಟಗಳನ್ನು ಅವರು ಹೇಳಿದ್ದೋ, ಹೇಳುತ್ತ ಹೇಳುತ್ತ ನಾನೇ ನೆಟ್ಟದ್ದೋ, ಖಾತ್ರಿಯಿಲ್ಲ. ಆದರೆ ಇಷ್ಟು ಒಳ್ಳೆಯ ವಿದ್ಯೆಯನ್ನು ನಮ್ಮೂರು ಲಿಂಗಸುಗೂರಿನಲ್ಲಿ ಕೇಳುವವರೇ ಇರಲಿಲ್ಲ!

ಸಿಂಧನೂರಿನಲ್ಲಿ ಅಕ್ಕನ ಮಗಳ ಮದುವೆ. ಮದುಮಗಳ ಹಣೆಗೆ ಕಟ್ಟುವ ಬಾಸಿಂಗ ತರುವುದು ಸೋದರಮಾವನ ಹಕ್ಕು, ಅಂದರೆ ನನ್ನದು. ಮಾವ ಅದನ್ನು ತಾನೇ ಹೊರಬೇಕು, ಬೇರೆಯವರ ಕೈಗೆ ಕೊಡಬಾರದು ಎಂಬುದು ನಮ್ಮ ಮನೆತನದ ಪದ್ಧತಿ.

“ದೊಡ್ಡವ್ವನ ಬಂಡ್ಯಾಗ ಹೋಗೂಣ್ರಿ,” ಎಂದಳು ಹೆಂಡತಿ ಗಿರಿಜಾ.

“ಬಿ.ಎ. ಆದಾಂವ ಎತ್ತಿನ ಬಂಡ್ಯಾಗ ಹೋಗೂದಾ? ಬಸ್ಸಿಗೆ ನಡಿ!”

ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸು ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ಓಡುತ್ತಿತ್ತು ಎಂಬುದು ಬಸ್ಸಿನ ಮಾಲೀಕರ ಮಾತು. ಮಸ್ಕಿಯ ಹತ್ತಿರ, ಹಿಂದಿನ ದಿನವೇ ಹೊರಟಿದ್ದ, ಮನೆತನಕ್ಕೆಲ್ಲ ಹಿರಿಯಳಾದ ದೊಡ್ಡವ್ವನ ಬಂಡಿಯನ್ನು ದಾಟಿದೆವು. ನಾನು ಕಿಟಕಿಯಿಂದ ಕೈ ಬೀಸಿದೆ. ಸ್ವಲ್ಪ ಗರ್ವದಿಂದಲೇ ಬೀಸಿದೆ.

ಮುಂದಿನ ಏರಿನಲ್ಲಿ ಬಸ್ಸು ನಿಂತಿತು!

“ಗಂಡಸ್ರೆಲ್ಲ ಇಳದು ನೂಕ್ರಿ!” ಎಂದ ಡ್ರೈವರ್ ಖಾದರಸಾಬ. “ಚಾಲೂ ಆತಂದ್ರ ನಾ ನಿಂದ್ರಸಂಗಿಲ್ಲ. ಓಡಿ ಹತ್ಕೋರಿ!”

“ಬುಟ್ಟಿ ನನ್ನ ಉಡ್ಯಾಗ ಇಡ್ರಿ,” ಎಂದಳು ಗಿರಿಜಾ.

ಪದ್ಧತಿ ಮುರಿಯಲಾದೀತೆ? ಬಾಸಿಂಗದ ಬುಟ್ಟಿಯನ್ನು ತಲೆಯ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿದು ಇಳಿದೆ. ನೂಕಲು ಕೈಯಿರಲಿಲ್ಲ. ಬಾಯಿತ್ತು. ನೂಕುವವರಿಗೆ ಟ್ರಾವೆಲ್ ಶಬ್ದದ ಮೂಲವನ್ನು ವಿವರಿಸತೊಡಗಿದೆ.

ಬೆವರುತ್ತಿದ್ದ ಜವಳಿ ವ್ಯಾಪಾರಿಯೊಬ್ಬ ತಿರುಗಿ ನೋಡಿದ. “ಪ್ರಯಾಣ ಅಂದ್ರ ಕಷ್ಟ ಅಂತ ತಿಳಕೊಳ್ಳಾಕ ಹೈದರಾಬಾದಿಗೆ ಹೋಗಿದ್ರೇನ್ರಿ? ಇಲ್ಲೇ ಒಂದು ಹೆಗಲು ಹಚ್ಚಿದ್ರ ತಿಳೀತಿತ್ತಲ್ರಿ!”

ಮೂರು ಗೂಟಗಳನ್ನು ನೆನಪಿಸಿಕೊಳ್ಳಲು ನಾನು ಕಣ್ಣು ಮುಚ್ಚಿದೆ. ತೆರೆದಾಗ ಬಸ್ಸು ಹೊರಟಿತ್ತು. ಎಲ್ಲರೂ ಹತ್ತಿದ್ದರು. ಕಂಬಿ ಹಿಡಿಯಲು ನನಗೆ ಕೈಯೇ ಇಲ್ಲ!

“ಏನ್ರೀ! ಓಡ್ರೀ!” ಗಿರಿಜಾಳ ಕೂಗು ಹೊಗೆಯಲ್ಲಿ ಕರಗಿತು.

ಓಡಿದೆ. ಬುಟ್ಟಿಯೊಳಗೆ ಬೆಂಡಿನ ಬಾಸಿಂಗ ಲಟಲಟ ಎಂದಿತು. ಗಕ್ಕನೆ ನಿಂತೆ. ಬೆಳಗಾದರೆ ಅಕ್ಷತೆ. ಇದು ಮುರಿದರೆ ಮದುಮಗಳು ಬರಿಹಣೆಯಲ್ಲಿ ಕೂರಬೇಕೆ?

ಆಗ ಹಿಂದಿನಿಂದ ಎತ್ತಿನ ಗೆಜ್ಜೆಯ ಸದ್ದು. ದೊಡ್ಡವ್ವನ ಬಂಡಿ!

“ಆಗಳೆ ಕೈ ಬೀಸಿದಾಂವ ನೀನ ಅಲ್ಲೇನಪಾ?” ಎಂದು ದೊಡ್ಡವ್ವ ಕೈ ಚಾಚಿದಳು. “ತಾ ಇಲ್ಲಿ ಬುಟ್ಟಿ.”

“ನಮ್ಮ ಪದ್ಧತಿ...”

“ಪದ್ಧತಿ ಮಾಡಿದಾಕಿನ ನಾನು. ತಾ!”

ಕೊಟ್ಟು, ಹತ್ತಲು ಕಾಲೆತ್ತಿದೆ.

“ಏ, ನಿಲ್ಲು! ಬಾಸಿಂಗಕ್ಕ ಜಾಗ ಐತಿ, ನಿನಗಿಲ್ಲ. ಬಂಡಿ ತುಂಬ ಹಪ್ಪಳ ಅದಾವು. ಕುಂತ್ರ ಪುಡಿಯಾಗ್ತಾವ.”

ಬಾಸಿಂಗ ದೊಡ್ಡವ್ವನ ತೊಡೆಯ ಮೇಲೆ ರಾಜಠೀವಿಯಿಂದ ಸಾಗಿತು. ಬಿ.ಎ. ಆದಾತ ಬಂಡಿಯ ಹಿಂದೆ ಧೂಳು ಕುಡಿಯುತ್ತ ನಡೆದ.

ಸಂಜೆ ಸಿಂಧನೂರಿನ ಹಂದರಕ್ಕೆ ಕುಂಟುತ್ತ ಬಂದೆ. ನನ್ನ ಕಥೆ ಬಸ್ಸಿನಲ್ಲಿ ಕೂತು ನನಗಿಂತ ಮೊದಲೇ ಬಂದಿತ್ತು. ಮದುಮಗಳು ನಗು ತಡೆಯುತ್ತ ಕೇಳಿದಳು: “ಮಾಮಾ, ಅದೇನೋ ಇಂಗ್ಲಿಷ್ ಶಬ್ದ ಅಂತ, ಅರ್ಥ ಏನ್ರಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಾ ಬಿಸಿನೀರಿನ ಬೋಗುಣಿ ತಂದಿಟ್ಟಳು. “ಕಾಲು ತೋರಸ್ರಿ, ಆಕಿಗೆ ತಿಳೀತೈತಿ.”

ತೋರಿಸಿದೆ. ಮೂರು ಗೂಟಗಳು ಪ್ರೊಫೆಸರರವೋ ನನ್ನವೋ, ಇನ್ನೂ ಖಾತ್ರಿಯಿಲ್ಲ. ಪಾದದ ಗುಳ್ಳೆಗಳು ಮಾತ್ರ ನಾನು ಸೇರಿಸಿದವಲ್ಲ!