ಜಂತೆ ಎಣಿಸುವ ಅಳಿಯ

ನಮ್ಮ ಮನೆಯ ಹೊಸ್ತಿಲು ದಾಟಿ ಬಂದು, ಬಾಯಾರಿದ್ದರೂ ನೀರು ಬೇಡವೆಂದು ಎದ್ದುಹೋದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ. ಅವನು ನನ್ನ ವೈರಿಯಲ್ಲ. ವೈರಿಗಳು ನಮ್ಮಲ್ಲಿ ಚಹಾ ಕುಡಿದೇ ಜಗಳ ಶುರು ಮಾಡುತ್ತಾರೆ. ಅವನು ನನ್ನ ಒಬ್ಬಳೇ ಮಗಳ ಗಂಡ, ಪೊಲೀಸ್ ಹವಾಲ್ದಾರ. ನಾನು ಕಂಡ ಹುಚ್ಚರ ಪೈಕಿ ಹೆಮ್ಮೆಪಡಬಹುದಾದ ಹುಚ್ಚ ಅವನೊಬ್ಬನೇ. ಈ ಕೊನೆಯ ಮಾತು ನನ್ನ ಬಾಯಿಂದ ಹೊರಡಲು ಬಹಳ ಕಾಲ ಹಿಡಿಯಿತು. ಯಾಕೆ ಹಿಡಿಯಿತು ಎಂಬುದನ್ನು ಹೇಳಿಬಿಟ್ಟರೆ ಈ ಮುದುಕನ ಎದೆ ಸ್ವಲ್ಪ ಹಗುರಾದೀತು.

ಮೊದಲು ಅವನು ಹೀಗಿರಲಿಲ್ಲ, ಅಥವಾ ಹೀಗಿಲ್ಲವೆಂದು ನಾವು ತಿಳಿದಿದ್ದೆವು. ಬಬಲೇಶ್ವರದ ಠಾಣೆಯಲ್ಲಿದ್ದಾಗ ಕಳ್ಳಕವಟಗಿಯ ನಮ್ಮ ಮನೆಗೆ ಬಂದರೆ, ನನ್ನ ಹೆಂಡತಿ ರೊಟ್ಟಿ ಬಡಿಯುವ ಸದ್ದು ನಿಲ್ಲುವ ತನಕ ಅವನ ಕೈ ನಿಲ್ಲುತ್ತಿರಲಿಲ್ಲ. ಅಳಿಯ ಉಣ್ಣುವಾಗ ಎಣಿಸಬಾರದು, ನಾನು ಎಣಿಸಿಲ್ಲ. ಆದರೆ ಬುಟ್ಟಿ ಖಾಲಿಯಾದ ಮೇಲೆ ಅವನು ತಳದ ಬಟ್ಟೆಯನ್ನೂ ಎತ್ತಿ ನೋಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ತಪ್ಪೇನಿಲ್ಲ, ಅದು ಬಂದೋಬಸ್ತಿಗೆ ನಿಂತವನ ಹೊಟ್ಟೆ. ಮಂತ್ರಿಗಳು ಹತ್ತಕ್ಕೆ ಬರುತ್ತಾರೆಂದರೆ ಇವನು ಸೂರ್ಯ ಹುಟ್ಟುವ ಮೊದಲೇ ರಸ್ತೆ ಪಕ್ಕ ನಿಲ್ಲಬೇಕು. ಮಂತ್ರಿಗಳು ಬರುವುದು ಮಧ್ಯಾಹ್ನ ಇಳಿದ ಮೇಲೆ. ಬಂದವರು ಕಾರಿನ ಗಾಜನ್ನೂ ಇಳಿಸುವುದಿಲ್ಲ. ನಮ್ಮ ಜಿಲ್ಲೆಯ ಬಿಸಿಲಿನಲ್ಲಿ ಕಲ್ಲು ಕೂಡ ನೆರಳು ಹುಡುಕುತ್ತದೆ, ಇವನು ಟೊಪ್ಪಿಗೆ ತೆಗೆಯುವಂತಿಲ್ಲ. ಗಣಪತಿ ಹಬ್ಬ ಊರಿಗೆಲ್ಲ ಹಬ್ಬ, ಇವನಿಗೆ ಕಾಲುನೋವು. ತನ್ನ ಮಗಳ ತೊಟ್ಟಿಲ ಕಾರ್ಯಕ್ಕೆ ಬಂದದ್ದು ಬಂದವರೆಲ್ಲ ಉಂಡು ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ, ಅದೂ ಯೂನಿಫಾರ್ಮಿನಲ್ಲೇ. ಕೂಸು ಅಪ್ಪನ ಮುಖ ನೋಡಿ ಕಿಟಾರನೆ ಕಿರುಚಿತು.

"ಕಳ್ಳರೂ ಇಷ್ಟ ಅಂಜೂದಿಲ್ಲ ನೋಡ್ರಿ ನನಗ," ಎಂದು ನಕ್ಕ.

ಅಂಥವನಿಗೆ ತಿಕೋಟಾಕ್ಕೆ ವರ್ಗವಾಯಿತು. ನಮ್ಮೂರು ಬರುವುದು ಅದೇ ಠಾಣೆಯ ಸರಹದ್ದಿನಲ್ಲಿ. ಸುದ್ದಿ ಬಂದಾಗ ನಾನು ಕ್ಷೌರದ ಅಂಗಡಿಯಲ್ಲಿದ್ದೆ. ಅರ್ಧ ಗಡ್ಡ ಇನ್ನೂ ಮುಖದ ಮೇಲಿತ್ತು. ಅಲ್ಲಿಂದಲೇ ಸಾರಿದೆ: "ಇನ್ನ ಸ್ಟೇಷನ್ ಅಂದ್ರ ನಮ್ಮ ಮನಿ ಪಡಸಾಲಿ ಇದ್ದಂಗ."

ಪಡಸಾಲೆಗೆ ಹವಾಲ್ದಾರರು ಬಂದೇ ಬಂದರು. ನನ್ನ ಹೆಂಡತಿ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ಅವನು ಎದ್ದುಹೋಗಿ ಮೋಟರ್ ಸೈಕಲ್ಲಿಗೆ ತೂಗುಹಾಕಿದ್ದ ತನ್ನ ಬಾಟಲಿ ತಂದು ಅದರಿಂದ ಕುಡಿದ.

"ಯಾಕ್ರಿ ಅಳಿಯಂದ್ರ, ಉಂಡು ಬಂದೀರೇನು?" ಎಂದಳು ಅವಳು.

"ಇಲ್ರಿ ಅತ್ತಿ, ಹಸಿವಿ ಭಾಳ ಆಗೇತಿ. ಆದ್ರ ಈ ಠಾಣಾದಾಗ ಇರೂತನಾ ಇಲ್ಲಿ ಏನೂ ಮುಟ್ಟೂದಿಲ್ಲ. ನಿಮ್ಮ ಮನಿ ಅಷ್ಟ ಅಲ್ಲ, ಸರಹದ್ದಿನ್ಯಾಗ ಯಾರ ಮನ್ಯಾಗೂ ಇಲ್ಲ."

"ಬಬಲೇಶ್ವರದಾಗ ಇದ್ದಾಗ ಹಿಂಗ ಇರಲಿಲ್ಲಲ್ಲ?" ಎಂದೆ ನಾನು.

"ಅಲ್ಲೂ ಹಿಂಗ ಇದ್ದೆ. ಅಲ್ಲಿ ನಿಮ್ಮ ಮನಿ ಇರಲಿಲ್ಲ, ಅದಕ್ಕ ನಿಮಗ ಗೊತ್ತಾಗಲಿಲ್ಲ. ಉಂಡ ಮನಿ ಜಂತಿ ಎಣಿಸಬಾರದು ಅಂತಾರಲ್ರಿ ಮಾವಾರ. ನಮ್ಮ ಕೆಲಸಾನ ಜಂತಿ ಎಣಿಸೂದು. ಅದಕ್ಕ ಉಣ್ಣೂದ ಬಿಟ್ಟೇನಿ."

ನಾನು ಸೋಲುವವನೆ? "ನಮ್ಮ ಮನಿಗಿ ಜಂತಿ ಎಲ್ಲೈತಿ? ಸ್ಲ್ಯಾಬ್ ಹಾಕಸೇನಲ್ಲ," ಎಂದೆ.

ಅವನು ಕತ್ತೆತ್ತಿ ಸ್ಲ್ಯಾಬನ್ನು ಸಾವಕಾಶ ನೋಡಿದ. "ಹಂಗಾರ ಎಣಿಸೂದು ಇನ್ನೂ ಹಗೂರ ಆತ್ರಿ."

ನೀವೇ ಹೇಳಿ, ಅಳಿಯ ಉಣ್ಣದ ಮನೆಯನ್ನು ಊರು ಸುಮ್ಮನೆ ಬಿಡುತ್ತದೆಯೇ? "ಹೆಣ್ಣಿನ ಕಡೆಯವ್ರು ಏನೋ ಕಡಿಮಿ ಮಾಡ್ಯಾರ" ಎಂದರು ಕೆಲವರು. "ಅತ್ತಿ ಕೈ ರುಚಿ ಹ್ವಾದಂಗ ಕಾಣತೈತಿ" ಎಂದರು ಇನ್ನು ಕೆಲವರು. ಈ ಎರಡನೆಯ ಮಾತು ನನ್ನ ಹೆಂಡತಿಯ ಕಿವಿಗೆ ಬಿದ್ದ ದಿನ ನಾನೂ ಉಪವಾಸವಿದ್ದೆ.

ಮದುವೆಗಳಲ್ಲಂತೂ ದೊಡ್ಡ ಫಜೀತಿ. ಪಕ್ಕದೂರಿನ ಒಂದು ಮದುವೆಗೆ ಇವನನ್ನು ಕರೆದಿದ್ದರು. ಅಕ್ಷತೆ ಹಾಕಿ, ಬೇವಿನ ಮರದ ಕೆಳಗೆ ಕುಳಿತು ತನ್ನ ಬುತ್ತಿ ಗಂಟು ಬಿಚ್ಚಿ, ಖಡಕ್ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಉಣ್ಣತೊಡಗಿದ. ಪಂಕ್ತಿಯಲ್ಲಿದ್ದವರೊಬ್ಬರು ಅದನ್ನು ನೋಡಿ ಕೈಯಲ್ಲಿದ್ದ ಬುಂದೆ ಉಂಡೆಯನ್ನು ಮೆಲ್ಲಗೆ ಎಲೆಯ ಮೇಲಿಟ್ಟರು. "ಪೊಲೀಸ್ರ ಉಣವಲ್ರು, ಏನೋ ಸುಳಿವು ಸಿಕ್ಕಿರಬೇಕು." ಮಾತು ಎಲೆಯಿಂದ ಎಲೆಗೆ ಹರಿದು ಇಡೀ ಪಂಕ್ತಿಯೇ ಕೈಕಟ್ಟಿ ಕುಳಿತುಬಿಟ್ಟಿತು. ಕೊನೆಗೆ ಮದುಮಗಳ ತಂದೆ ಎಲ್ಲರೆದುರು ಎರಡು ಉಂಡೆ ನುಂಗಿ ತೋರಿಸಬೇಕಾಯಿತು. ಅವರಿಗೆ ಸಕ್ಕರೆ ಕಾಯಿಲೆ, ಪಾಪ.

ನನ್ನ ಹೆಂಡತಿ ಬೇರೆ ಉಪಾಯ ಹೂಡಿದಳು. ಮಗಳು ಅಳಿಯ ಇರುವುದು ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರದ ಬಾಡಿಗೆ ಮನೆಯಲ್ಲಿ. ಅದು ತಿಕೋಟಾದ ಸರಹದ್ದಲ್ಲ. ಹೋಳಿಗೆ ಮಾಡಿ ಡಬ್ಬಿಗೆ ತುಂಬಿ ಬಸ್ಸು ಹತ್ತಿದಳು. ಡಬ್ಬಿ ತೆರೆದಾಗ ಹವಾಲ್ದಾರರ ಪ್ರಶ್ನೆ ಒಂದೇ: "ಎಲ್ಲಿ ಬೇಯಿಸಿದ್ದ್ರಿ ಅತ್ತಿ?" ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ನಿಜ ಹೇಳಿದಳು. ಡಬ್ಬಿ ಮುಚ್ಚಿತು. ಮರುವಾರ ಕಡಲೆಬೇಳೆ, ಬೆಲ್ಲ ಎಲ್ಲವನ್ನೂ ಅಲ್ಲಿನ ರೈಲ್ವೆ ಸ್ಟೇಷನ್ ರಸ್ತೆಯ ಅಂಗಡಿಯಲ್ಲೇ ಕೊಂಡು, ಮಗಳ ಒಲೆಯ ಮೇಲೆ ಬೇಯಿಸಿ ಬಡಿಸಿದಳು. ಅಂದು ಅವನು ತಳದ ಬಟ್ಟೆಯನ್ನೂ ಎತ್ತಿ ನೋಡಿದನಂತೆ. ಅವಳು ಗೆದ್ದಳು. ಆದರೆ ಗೆದ್ದದ್ದು ಮಗಳ ಮನೆಯಲ್ಲಿ. ನಮ್ಮ ಮನೆಯ ತಂಬಿಗೆ ಹಾಗೆಯೇ ಉಳಿಯಿತು.

ಇನ್ನು ನನ್ನ ವಿಷಯ.

ನಮ್ಮ ಹೊಲದ ಬದುವಿನಗುಂಟ ಒಂದು ಬಂಡಿದಾರಿ ಇದೆ. ಕುರಿ ಸಾಕಿರುವ ಬೀರಪ್ಪ ನನ್ನ ನೆರೆಯವ. ಅವನ ಅಜ್ಜನ ಕಾಲದಿಂದ ಅವರ ಕುರಿಗಳು ಹಳ್ಳದ ನೀರಿಗೆ ಹೋಗುವುದು ಆ ದಾರಿಯಲ್ಲೇ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಳೆದ ಬೇಸಿಗೆಯ ಆರಂಭದಲ್ಲಿ ದಾರಿಗೆ ಅಡ್ಡ ಜಾಲಿಮುಳ್ಳಿನ ಬೇಲಿ ಹಾಕಿದೆ. ಕುರಿಗಳು ದ್ರಾಕ್ಷಿ ಬಳ್ಳಿಗೆ ಬಾಯಿ ಹಾಕುತ್ತವೆ ಎಂಬುದು ನೆಪ. ನಿಜವಾದ ಕಾರಣ, ಸ್ಟೇಷನ್ ನನ್ನ ಪಡಸಾಲೆ ಎಂದು ನಾನೇ ನಂಬಿದ್ದೆ. ಕುರಿಗಳು ಸುಡುವ ಬಿಸಿಲಿನಲ್ಲಿ ದೂರದ ಸುತ್ತು ಹಾಕತೊಡಗಿದವು. ಮರಿಗಳು ಅರ್ಧದಾರಿಯಲ್ಲೇ ಕುಸಿಯುತ್ತಿದ್ದವು.

ಬೀರಪ್ಪ ಬಂದು ಕೇಳಿದಾಗ ಹೇಳಿದೆ: "ಬೇಕಾರ ಸ್ಟೇಷನ್ನಿಗಿ ಹೋಗಲೇ. ಅಲ್ಲಿ ಯಾರ ಕುಂತಾರ ಗೊತ್ತೈತಿಲ್ಲ?"

ಅವನು ಹೋಗಿಯೇ ಹೋದ. ಅಲ್ಲಿ ನಡೆದದ್ದು ನನಗೆ ಆಮೇಲೆ ತಿಳಿಯಿತು. "ಅವ್ರು ನಮ್ಮ ಮಾವಾರ, ಬ್ಯಾರೆಯವ್ರನ್ನ ಕಳಸ್ರಿ," ಎಂದು ಅಳಿಯ ತನ್ನ ಮೇಲಧಿಕಾರಿ ಫೌಜದಾರರಿಗೆ ಹೇಳಿದನಂತೆ. ಬೇರೆಯವರು ಎಲ್ಲಿದ್ದಾರೆ? ಎಲ್ಲರೂ ವಿಜಯಪುರದ ಬಂದೋಬಸ್ತಿಗೆ ಹೋಗಿದ್ದರು. ಉಳಿದ ಒಬ್ಬರು ವೈರ್‌ಲೆಸ್ ಬಿಟ್ಟು ಏಳುವಂತಿರಲಿಲ್ಲ. ಆಗ ಬೀರಪ್ಪನೇ, "ಇವ್ರ ಬರಲ್ರಿ ಸಾಹೇಬ್ರ. ಆ ಮನ್ಯಾಗ ಇವ್ರು ನೀರ ಸೈತ ಮುಟ್ಟಿಲ್ಲ, ಊರಿಗೇ ಗೊತ್ತೈತಿ," ಎಂದನಂತೆ.

ಅರ್ಧ ಊರು ಬೇಲಿಯ ಹತ್ತಿರ ನೆರೆದಿತ್ತು. ಮದುವೆಯಲ್ಲಿ ನನ್ನ ಕಾಲು ಮುಟ್ಟಿ ನಮಸ್ಕರಿಸಿದ ಹುಡುಗ ಎದುರಿಗೆ ನಿಂತು, "ನಿಮ್ಮ ಹೆಸರು ಹೇಳ್ರಿ," ಎಂದ.

"ನಿನಗ ಗೊತ್ತಿಲ್ಲೇನಪಾ?"

"ನನಗ ಗೊತ್ತಿರೂದ ಬ್ಯಾರೆ, ನೀವು ಹೇಳೂದ ಬ್ಯಾರೆ. ತಂದಿ ಹೆಸರು?"

"ಮದವಿ ಕಾರ್ಡಿನ್ಯಾಗ ಹಾಕಿಸಿದ್ದೆ. ಓದಿಲ್ಲೇನು?"

ಜನ ನಕ್ಕರು. ಅವನು ನಗಲಿಲ್ಲ. "ದಾರಿ ಹಳೇದು ಹೌದೋ ಅಲ್ಲೋ?"

ಅಲ್ಲ ಎನ್ನಲು ನಾಲಿಗೆ ಸಿದ್ಧವಾಗಿತ್ತು. ಅವನ ಕಣ್ಣು ನೋಡಿದೆ. ಅದರಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯಿತ್ತು. ನಾನೆಲ್ಲಿ ಸುಳ್ಳು ಹೇಳಿಬಿಡುತ್ತೇನೋ ಎಂಬ ಅಂಜಿಕೆ.

"ಹೌದು," ಎಂದೆ. "ಬೇಲಿ ನಾನ ಹಾಕೇನಿ."

"ಹಂಗಾರ ನೀವ ತಗೀರಿ."

ನಾನು ಎಳೆಯತೊಡಗಿದೆ. ಸ್ವಲ್ಪ ಹೊತ್ತಿಗೆ ಅವನೂ ತೋಳು ಏರಿಸಿ ಇನ್ನೊಂದು ತುದಿ ಹಿಡಿದ. ಅಂಗೈಯಲ್ಲಿ ಮುಳ್ಳು ಮುರಿದಾಗ ನನ್ನನ್ನು ಬದುವಿನ ಮೇಲೆ ಕೂರಿಸಿ, ಎದೆಯ ಮೇಲಿನ ಹೆಸರುಪಟ್ಟಿಯ ಪಿನ್ನು ಬಿಚ್ಚಿ, ಅದರಿಂದಲೇ ಮುಳ್ಳು ಕಿತ್ತ. ಅಷ್ಟು ಹತ್ತಿರದಿಂದ ಅವನ ಮುಖ ನೋಡಿ ಬಹಳ ದಿನವಾಗಿತ್ತು. ತುಟಿಗಳು ಒಣಗಿ ಬಿರಿದಿದ್ದವು. ಗಾಡಿಯ ಬಾಟಲಿ ಖಾಲಿಯಾಗಿತ್ತು. ನನ್ನ ಹೆಂಡತಿ ತಂಬಿಗೆ ಹಿಡಿದು ಓಡಿಬಂದಳು. ಅವನು ತಂಬಿಗೆಯನ್ನು ನೋಡಿದ, ಬೀರಪ್ಪನನ್ನು ನೋಡಿದ. "ಬ್ಯಾಡ್ರಿ ಅತ್ತಿ," ಎಂದು ಗಾಡಿ ಹತ್ತಿದ.

ಅವತ್ತು ನನಗೆ ತಿಳಿಯಿತು. ಅವನು ನಮ್ಮಲ್ಲಿ ಉಣ್ಣಲಿ ಎಂದು ನಾನು ಹಂಬಲಿಸಿದ್ದು ಪ್ರೀತಿಯಿಂದ ಎಂದುಕೊಂಡಿದ್ದೆ. ಅಲ್ಲ. ಹುಲ್ಲು ತೋರಿಸಿ ಎತ್ತು ಕಟ್ಟುವವನ ಹಂಬಲ ಅದು. ನನ್ನ ಹೆಂಡತಿಯದು ಮಾತ್ರ ಪ್ರೀತಿ, ಮತ್ತು ನನ್ನ ಕಾರಣಕ್ಕೆ ಅವಳ ತಂಬಿಗೆ ಎಲ್ಲರೆದುರು ತುಂಬಿದಂತೆಯೇ ಮರಳಿತ್ತು.

ಆ ಬಂಡಿದಾರಿ ತಿಕೋಟಾ ರಸ್ತೆಗೆ ಕೂಡುವಲ್ಲಿ ಒಂದು ಬೇವಿನ ಮರವಿದೆ. ಅದರ ಕೆಳಗೆ ಒಂದು ಅರವಟ್ಟಿಗೆ ಇಟ್ಟೆವು. ದೊಡ್ಡದೇನಲ್ಲ, ಮರಳಿನ ಮೇಲೆ ಮಣ್ಣಿನ ಒಂದು ಹರವಿ, ಸರಪಳಿ ಕಟ್ಟಿದ ತಂಬಿಗೆ. ದಿನಾ ಬೆಳಿಗ್ಗೆ ನನ್ನ ಹೆಂಡತಿ ನೀರು ತುಂಬಿ, ಮನೆಯ ಹರವಿಗೆ ಹಾಕುವಂತೆ ಒಂದು ಹಿಡಿ ಲಾವಂಚದ ಬೇರು ಹಾಕಿ ಬರುತ್ತಿದ್ದಳು.

ಒಂದು ಮಧ್ಯಾಹ್ನ ನಾನು ದ್ರಾಕ್ಷಿ ತೋಟದಲ್ಲಿದ್ದಾಗ ಮೋಟರ್ ಸೈಕಲ್ ನಿಂತ ಸದ್ದು ಕೇಳಿಸಿತು. ಕಂಬದ ಮರೆಯಲ್ಲಿ ಕಳ್ಳನ ಹಾಗೆ ನಿಂತೆ. ಬೀರಪ್ಪ ಕುರಿಗಳನ್ನು ನೆರಳಿಗೆ ಬಿಟ್ಟು ಮರದ ಬುಡದಲ್ಲಿ ಕುಳಿತಿದ್ದ.

"ಇದನ್ನ ಯಾರ ಇಟ್ಟಾರ?" ಎಂದು ಅಳಿಯ ಕೇಳಿದ.

"ದಾರಿ ಮ್ಯಾಲಿನ ನೀರಿಗಿ ಮನಿ ಎಲ್ಲೈತ್ರಿ ಸಾಹೇಬ್ರ? ಹೋಗೂ ಬರೂ ಮಂದೀದು. ನಾನೂ ಕುಡದೇನಿ, ನೀವೂ ಕುಡೀರಿ."

ಅವನು ಟೊಪ್ಪಿಗೆ ತೆಗೆದ. ತಂಬಿಗೆ ಎತ್ತಿ ಒಂದು ಗುಟುಕು ಕುಡಿದವನು ಹಾಗೇ ನಿಂತ. ಲಾವಂಚದ ವಾಸನೆ ಬಂದಿರಬೇಕು. ನಮ್ಮ ಮನೆಯ ಕಡೆ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಂಬಿಗೆ ಪೂರ್ತಿ ಕುಡಿದ. ಮತ್ತೆ ಅದ್ದಿ, ಇನ್ನೊಂದು ಕುಡಿದ.

ಸಂಜೆ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಏನಂದ ಎಂದು ಕೇಳಲಿಲ್ಲ, ಹೇಗಿದ್ದ ಎಂದೂ ಕೇಳಲಿಲ್ಲ.

"ಎಷ್ಟ ತಂಬಿಗಿ ಕುಡದಾ?"

"ಎರಡು."

ಬಡಿಯುವ ಸದ್ದು ನಿಂತಿತು. ಅವಳು ಮುಖವನ್ನು ಒಲೆಯ ಕಡೆಗೇ ಇಟ್ಟುಕೊಂಡು ಹೇಳಿದಳು:

"ಆ ಹರವಿ ಸಣ್ಣದಾಗತೈತಿ. ನಾಳೆ ದೊಡ್ಡದ ತರ್ರಿ."