ನಡು ಬಾಗುವ ಟ್ರ್ಯಾಕ್ಟರೂ ನಾಲ್ಕು ನಿಂಬೆಹಣ್ಣೂ

ನಿವೃತ್ತಿಯಾದ ಮೇಲೆ ಗಂಡಸರು ಸಾಮಾನ್ಯವಾಗಿ ದೇವರ ಕಡೆಗೋ ಡಾಕ್ಟರ ಕಡೆಗೋ ತಿರುಗುತ್ತಾರೆ. ಎರಡೂ ನಿರುಪದ್ರವಿ ಚಟಗಳು. ಮನೆಯವರಿಗೂ ದಿನಕ್ಕೆರಡು ತಾಸು ನೆಮ್ಮದಿ. ನಾನು ವೆಲ್ಡಿಂಗ್ ಕಡೆಗೆ ತಿರುಗಿದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. "ಪ್ರಯೋಗ ಮಾಡಿ ನೋಡದೆ ಯಾವುದನ್ನೂ ನಂಬಬೇಡಿ" ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ಶಾಲೆಯ ಪ್ರಯೋಗಾಲಯದ ಬೀಗದ ಕೈ ಕಳೆದು ಆರು ವರ್ಷವಾಗಿತ್ತು, ಅದನ್ನು ಹುಡುಕುವ ಗೋಜಿಗೆ ನಾನು ಹೋಗಿರಲಿಲ್ಲ ಎಂಬುದು ಬೇರೆ ಮಾತು. ಶಾಸ್ತ್ರ ಹೇಳುವವರು ಬದನೆಕಾಯಿ ತಿನ್ನುವುದು ನಮ್ಮಲ್ಲಿ ಹೊಸದೇನಲ್ಲ.

ತಡಸದಲ್ಲಿ ನಮ್ಮ ಮನೆ. ಹಿಂದೆ ಎಕರೆಗೆ ಸ್ವಲ್ಪ ಕಡಿಮೆ ಬೀಳುವ ಹಿತ್ತಲು, ಮೂರು ಕಡೆ ಗೋಡೆ. ಅಲ್ಲಿ ನನ್ನ ಹೆಂಡತಿ ಗಿರಿಜಾಳದೇ ಆಡಳಿತ. ಮೆಣಸಿನಗಿಡ, ಬದನೆ, ಬೆಂಡೆ, ಮೂಲೆಯಲ್ಲೊಂದು ನಿಂಬೆಗಿಡ. ಸಾಲು ಮುಗಿಯುವ ಹೊತ್ತಿಗೆ ಗೋಡೆ ಎದುರಾಗುವುದರಿಂದ ಟ್ರ್ಯಾಕ್ಟರ್ ಒಳಗೆ ಬಂದರೆ ತಿರುಗಲು ಜಾಗವಿಲ್ಲ. ಹಾಗಾಗಿ ಹನ್ನೆರಡು ವರ್ಷದಿಂದ ಬಸಪ್ಪ ಎಂಬ ರೈತ ತನ್ನ ಜೋಡಿ ಎತ್ತು ತಂದು, ಸಾಲುಗಳ ನಡುವೆ ಎಡೆ ಹೊಡೆದು, ಕಸ ಕಿತ್ತುಕೊಟ್ಟು ಹೋಗುತ್ತಿದ್ದ. ಗೋಡೆ ಹತ್ತಿರವಾದ ಕೂಡಲೆ ಎತ್ತುಗಳು ಯಾರೂ ಹೇಳದೆಯೇ ತಿರುಗುತ್ತಿದ್ದವು. ಒಂದು ಗಿಡ ಮುರಿಯುತ್ತಿರಲಿಲ್ಲ. ಅಂದರೆ ನಾನು ಬಗೆಹರಿಸಬೇಕಾದ ತೊಂದರೆ ಆ ಹಿತ್ತಲಲ್ಲಿ ಒಂದೂ ಇರಲಿಲ್ಲ, ನನಗೆ ಅದೇ ತೊಂದರೆಯಾಗಿತ್ತು.

ಹೀಗಿರುವಾಗ ಫೋನಿನಲ್ಲಿ ಯಾವುದೋ ದೇಶದ ಮುದುಕನೊಬ್ಬ ಕಣ್ಣಿಗೆ ಬಿದ್ದ. ಅವನು ತನ್ನ ತೋಟಕ್ಕೆ ತಾನೇ ಒಂದು ಪುಟ್ಟ ಟ್ರ್ಯಾಕ್ಟರ್ ಕಟ್ಟಿಕೊಂಡಿದ್ದ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ. ಮುಂದಿನ ಅರ್ಧ ಬೇರೆ, ಹಿಂದಿನ ಅರ್ಧ ಬೇರೆ, ನಡುವೆ ಬಾಗಿಲಿಗೆ ಇರುವಂಥ ದೊಡ್ಡ ಬಿಜಾಗರಿ. ಸ್ಟೀರಿಂಗ್ ತಿರುವಿದರೆ ಗಾಡಿ ಸೊಂಟದಲ್ಲೇ ಬಾಗಿ, ಅಂಗಳದಷ್ಟು ಜಾಗದಲ್ಲಿ ಸುತ್ತು ಹಾಕುತ್ತದೆ. ನನಗೆ ಮೈ ಜುಮ್ಮೆಂದಿತು. ಅಡುಗೆಮನೆಗೆ ಓಡಿ ಗಿರಿಜಾಳಿಗೆ ತೋರಿಸಿದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ನೋಡಿದಳು. "ಗಟ್ಟಿ ನಡಾ ಇರೋ ಟ್ರ್ಯಾಕ್ಟರ್ ಜಗತ್ತಿನ್ಯಾಗ ಸಿಗಂಗಿಲ್ಲೇನ್ರಿ? ನಡಾ ಹಿಡಕೊಂಡು ಕೂಡೋರು ಮನ್ಯಾಗ ಒಬ್ರು ಅದೀರಲ್ಲ, ಸಾಲದೇನು?"

ವಿಜ್ಞಾನಿಗಳನ್ನು ಮೊದಮೊದಲು ಎಲ್ಲರೂ ಹೀಗೆಯೇ ಹಳಿಯುತ್ತಾರೆ ಎಂದು ಸಮಾಧಾನ ಮಾಡಿಕೊಂಡು ನಾನು ಗುಜರಿ ಯಾತ್ರೆ ಹೊರಟೆ. ಹಾನಗಲ್ಲಿನಲ್ಲಿ ಎರಡು ಸತ್ತ ಜೀಪುಗಳ ಹಿಂದಿನ ಆಕ್ಸಲ್ ಸಿಕ್ಕವು. ಒಂದನ್ನು ಹಿಂದಕ್ಕೆ, ಇನ್ನೊಂದನ್ನು ಮುಂದಕ್ಕೆ ಹಾಕಿದರೆ ನಾಲ್ಕು ಗಾಲಿಯೂ ಎಳೆಯುತ್ತವೆ. ಹಿರೇಕೆರೂರಿನಲ್ಲಿ ಸ್ಟೀರಿಂಗ್ ಸಿಕ್ಕಿತು. ಪವರ್ ಟಿಲ್ಲರಿನ ಎಂಜಿನ್ ಸವಣೂರಿನದು. ಅಲ್ಲಿಯ ಪುಣ್ಯಾತ್ಮ ಎಂಜಿನ್ ಜೊತೆ ಒಂದು ಕಟ್ಟು ವೀಳ್ಯದೆಲೆಯನ್ನೂ ಕೊಟ್ಟ. ಇಡೀ ಗಾಡಿಯ ಸಾಮಾನಿನಲ್ಲಿ ಗಿರಿಜಾ ಮೆಚ್ಚಿದ್ದು ಅದೊಂದನ್ನೇ. ಇಷ್ಟೆಲ್ಲವನ್ನೂ ಶಿಗ್ಗಾಂವಿಯ ಮೌಲಾಸಾಬ್ ಎಂಬ ವೆಲ್ಡಿಂಗ್ ಮಿಸ್ತ್ರಿಯ ಮುಂದೆ ಸುರಿದೆ. ಮಾತು ಕಡಿಮೆ, ಕೆಲಸ ಹೆಚ್ಚು ಎನ್ನುವ ಮನುಷ್ಯ. ನನ್ನ ಹತ್ತಿರ ಅದರ ಉಲ್ಟಾ ಇದ್ದುದರಿಂದ ನಮ್ಮ ಜೋಡಿ ಚೆನ್ನಾಗಿ ಕೂಡಿತು.

ಎರಡು ತಿಂಗಳಲ್ಲಿ ಒಂದೇ ಒಂದು ಸಲ ತಕರಾರಾಯಿತು. ಮುಂದಿನ ಆಕ್ಸಲಿಗೆ ಬಲ ತಲುಪಿಸುವ ಶಾಫ್ಟ್ ತೀರ ಕೆಳಗೆ ಬರುತ್ತಿತ್ತು. ಹೀಗಾದರೆ ಮೆಣಸಿನಗಿಡಕ್ಕೆ ತಾಗುತ್ತದೆ ಎಂದು ನನಗೆ ಚಿಂತೆ. ಆಕ್ಸಲನ್ನೇ ಬೋರಲು ಮಾಡಿ, ಅಂದರೆ ಕೆಳಗಿನದು ಮೇಲೆ ಬರುವಂತೆ ಕೂಡಿಸಿದರೆ ಶಾಫ್ಟ್ ಎತ್ತರಕ್ಕೆ ಬರುತ್ತದಲ್ಲ ಎಂದು ನನಗೆ ಹೊಳೆಯಿತು. ಹೊಳೆದದ್ದಕ್ಕೆ ನಾನೇ ಬೆರಗಾದೆ.

ಮೌಲಾಸಾಬ್ ತಲೆ ಕೆರೆದುಕೊಂಡ. "ಕಂಪನಿಯಾಂವ ಹ್ಯಾಂಗ ಇಟ್ಟಾನ ಹಂಗ ಇಡೂಣ್ರಿ ಸರ. ಯಾಕೋ ಮನಸ್ಸಿಗೆ ಬರವಲ್ದು."

"ಕಂಪನಿಯಾಂವಗ ನಮ್ಮ ಮೆಣಸಿನಗಿಡ ಗೊತ್ತೇನೊ? ನಾ ವಿಜ್ಞಾನ ಕಲಿಸಿದಾಂವ ಹೇಳಾಕತ್ತೇನಿ, ಬೋರಲ ಹಾಕು."

ಅವನು ಬೋರಲು ಹಾಕಿದ. ಕಲಿತವರ ಮಾತಿಗೆ ಎದುರಾಡಬಾರದು ಎಂಬ ಕೆಟ್ಟ ಸಂಸ್ಕಾರ ನಮ್ಮ ಕಡೆಯ ಕುಶಲಕರ್ಮಿಗಳನ್ನು ಇನ್ನೂ ಬಿಟ್ಟಿಲ್ಲ.

ಮಳೆ ಶುರುವಾಯಿತು. ಬಸಪ್ಪ ಎಂದಿನಂತೆ ಎಡೆ ಹೊಡೆಯುವ ದಿನ ಕೇಳಲು ಬಂದ. ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟು, "ಇನ್ನ ಬರೂದು ಬ್ಯಾಡ ಬಸಪ್ಪ, ನಮ್ಮದ ಗಾಡಿ ತಯಾರಾಗೇತಿ" ಎಂದೆ. ಹೇಳುವಾಗ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು, ಮುಚ್ಚಿಡುವುದಿಲ್ಲ. ಅವನು ಬೇಸರ ತೋರಿಸಲಿಲ್ಲ. "ಛಲೋ ಆತು ಬಿಡ್ರಿ ಮಾಸ್ತರ್ರ. ಗಾಡಿ ಆದ್ರ ಹೊಟ್ಟು ಕೇಳಂಗಿಲ್ಲ, ಮೇವು ಕೇಳಂಗಿಲ್ಲ" ಎಂದು ಕಪ್ಪು ಕೆಳಗಿಟ್ಟು ಹೋದ.

ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ನಿಜವಾಗಿಯೇ ಸಿಟ್ಟು ಬಂದಿತ್ತು. "ಮೆಣಸಿನಗಿಡದಾಗ ಕಸ ಮೊಣಕಾಲಮಟ ಬಂದೈತಿ. ಇನ್ನೊಂದು ವಾರ ಬಿಟ್ರ ಗಿಡಾ ಯಾವುದು ಕಸಾ ಯಾವುದು ಗೊತ್ತಾಗಂಗಿಲ್ಲ. ಅಮಾಸಿ ದಿನ ಪೂಜಿ ಮಾಡೂಣು. ಅವತ್ತು ನಿಮ್ಮ ಗಾಡಿ ಸಾಲಿನಾಗ ಇಳೀಬೇಕು. ಇಳೀಲಿಲ್ಲಂದ್ರ ಅದು ಗುಜರಿಗೆ, ಬಸಪ್ಪಣ್ಣ ಹಿತ್ತಲಕ್ಕ. ಮತ್ತ ನನ್ನ ಹತ್ರ ಟ್ರ್ಯಾಕ್ಟರ್ ಅನ್ನೋ ಮಾತು ಎತ್ತಬಾರದು."

ಒಪ್ಪಿದೆ. ಒಪ್ಪದೆ ಏನು ಮಾಡುವುದು? ಗಾಡಿ ತಡಸಕ್ಕೆ ಬಾಡಿಗೆ ಟೆಂಪೋದಲ್ಲಿ ಬಂದಿಳಿಯಿತು. ಓಣಿಯವರಿಗೆ ಒಂದು ಸುತ್ತು ಹೊಡೆದು ತೋರಿಸೋಣವೆಂದು ನಾನು ಸೀಟು ಹತ್ತುವಷ್ಟರಲ್ಲಿ ಗಿರಿಜಾ ಅಡ್ಡ ಬಂದಳು. ಹೊಸ ಗಾಡಿಯ ಗಾಲಿ ಮೊದಲು ನಿಂಬೆಹಣ್ಣಿನ ಮೇಲೆಯೇ ಉರುಳಬೇಕು, ಪೂಜೆಯಾಗದೆ ಒಂದು ಗೇಣೂ ಮುಂದೆ ಹೋಗಬಾರದು ಎಂಬುದು ನಮ್ಮ ಕಡೆಯ ಕಟ್ಟಳೆ. "ಅಕ್ಕಾರು ಹೇಳೂದು ಖರೇ ಐತ್ರಿ ಸರ" ಎಂದು ಗಾಡಿಯ ಜೊತೆ ಬಂದಿದ್ದ ಮೌಲಾಸಾಬನೂ ಆ ಕಡೆಗೇ ಸೇರಿಕೊಂಡ. ಮೂಢನಂಬಿಕೆಯ ಬಗ್ಗೆ ನಾನು ಅಲ್ಲಿಯೇ ಕಾಲು ಗಂಟೆ ಭಾಷಣ ಮಾಡಿ, ಆಮೇಲೆ ಸೀಟಿನಿಂದ ಇಳಿದೆ. ನಿಜ ಹೇಳಬೇಕೆಂದರೆ ಓಡಿಸಿ ನೋಡುವ ಅಗತ್ಯವೇ ನನಗೆ ಕಂಡಿರಲಿಲ್ಲ. ನಾನು ಕಟ್ಟಿಸಿದ್ದು ಓಡದೆ ಎಲ್ಲಿ ಹೋಗುತ್ತದೆ? ಜಾಕ್ ಕೊಟ್ಟು ಗಾಲಿ ಎತ್ತಿ, ನೆಲಕ್ಕೆ ತಾಗದಂತೆ ತಿರುಗಿಸಿ ನೋಡಿದ್ದರೆ ಕಟ್ಟಳೆಯೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಅದು ಹೊಳೆಯಲಿಲ್ಲ.

ಅಮಾವಾಸ್ಯೆ ಬಂತು. ಓಣಿಯ ಅರ್ಧ ಜನ ನಮ್ಮ ಹಿತ್ತಲಲ್ಲಿದ್ದರು. ನಮ್ಮೂರಿನವರಿಗೆ ಪಕ್ಕದ ಮನೆಯವನು ಗೆಲ್ಲುವುದನ್ನು ನೋಡಲು ಪುರಸೊತ್ತು ಇರುವುದಿಲ್ಲ. ಅಷ್ಟು ಜನ ಬಂದಾಗಲೇ ನಾನು ಎಚ್ಚರವಾಗಬೇಕಿತ್ತು. ಶಿಗ್ಗಾಂವಿಯಿಂದ ಮೌಲಾಸಾಬ್ ಬಂದಿದ್ದ. ಬಸಪ್ಪನೂ ಬಂದಿದ್ದ, ಎತ್ತಿಲ್ಲದೆ ಬರಿಗೈಯಲ್ಲಿ. ಗಿರಿಜಾ ಗಾಡಿಗೆ ಚೆಂಡುಹೂವಿನ ಮಾಲೆ ಹಾಕಿ, ಕುಂಕುಮ ಹಚ್ಚಿ, ಕಾಯಿ ಒಡೆದು, ನಾಲ್ಕೂ ಗಾಲಿಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟಳು. ನಾನು ಹೊಸ ಟೊಪ್ಪಿಗೆ ಹಾಕಿಕೊಂಡು ಮುಂದಿನ ಅರ್ಧದಲ್ಲಿದ್ದ ಸೀಟಿನ ಮೇಲೆ ಕೂತೆ. ಎಂಜಿನ್ ಗುಡುಗಿತು. ಗೇರು ಹಾಕಿ ಕ್ಲಚ್ ಬಿಟ್ಟೆ.

ಹಿಂದಿನ ಗಾಲಿಗಳು ಮುಂದಕ್ಕೆ ಬಂದವು. ಮುಂದಿನ ಗಾಲಿಗಳು ಹಿಂದಕ್ಕೆ ಹೊರಟವು. ನಡುವೆ ಸಿಕ್ಕ ಬಿಜಾಗರಿ ಏನು ಮಾಡೀತು, ಮಡಚಿಕೊಂಡಿತು. ಸ್ಟೀರಿಂಗ್ ನನ್ನ ಕೈಯಿಂದ ಕೊಸರಿಕೊಂಡು ಗರಗರ ಸುತ್ತಿತು. ಮೆಣಸಿನಗಿಡದ ಕಡೆ ಮುಖ ಮಾಡಿ ಕೂತಿದ್ದ ನಾನು ಕಣ್ಣು ಬಿಡುವಷ್ಟರಲ್ಲಿ ಆರತಿ ತಟ್ಟೆ ಹಿಡಿದು ನಿಂತ ಹೆಂಡತಿಯ ಕಡೆಗೆ ಮುಖ ಮಾಡಿ ಕೂತಿದ್ದೆ. ಎಂಜಿನ್ ಒಂದು ಸಲ ಬಿಕ್ಕಿ ನಿಂತಿತು. ಟೊಪ್ಪಿಗೆ ಬದನೆ ಸಾಲಿನಲ್ಲಿತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಅಷ್ಟರಲ್ಲಿ ನನ್ನ ಬಾಯಿಂದ ಒಂದು ಮಾತು ಬಂತು. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

"ದೃಷ್ಟಿ ತಾಗೇತಿ!" ಎಂದೆ ನಾನು. "ಯಾರದೋ ಕೆಟ್ಟ ಕಣ್ಣ ಬಿದ್ದೇತಿ!"

ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದ ಬಾಯಿ ಅದು. ಗಿರಿಜಾ ತಟ್ಟೆಯನ್ನು ಬಸಪ್ಪನ ಕೈಗೆ ಕೊಟ್ಟು, ಸೀರೆಯ ಸೆರಗು ಸಿಕ್ಕಿಸಿಕೊಂಡು ಗಾಡಿಯ ಸುತ್ತ ಬಗ್ಗಿ ನೋಡುತ್ತ ಬಂದಳು. ಹಿಂದಿನ ಎರಡು ನಿಂಬೆಹಣ್ಣು ಅಪ್ಪಚ್ಚಿಯಾಗಿದ್ದವು. ಮುಂದಿನ ಎರಡು ಗಿಡದಿಂದ ಕಿತ್ತು ತಂದಾಗ ಹೇಗಿದ್ದವೋ ಹಾಗೆಯೇ ಇದ್ದವು. ಅವನ್ನು ಎತ್ತಿ ನನ್ನ ಮೂಗಿನ ಮುಂದೆ ಹಿಡಿದಳು.

"ದೃಷ್ಟಿ ಅಲ್ಲರಿ, ಇಲ್ಲೆ ನೋಡ್ರಿ. ಹಿಂದಿನ ಗಾಲಿ ಹಣ್ಣ ಒಡದಾವ, ಮುಂದಿನವು ಮುಟ್ಟೇ ಇಲ್ಲ. ಅಂದ್ರ ಮುಂದಿನವು ಉಲ್ಟಾ ತಿರಗ್ಯಾವ. ಮೌಲಾಸಾಬ್, ಮುಂದಿನದು ಏನರ ಬ್ಯಾರೆ ನಮೂನಿ ಕೂಡ್ಸೀರೇನು?"

ಮೌಲಾಸಾಬ್ ನನ್ನ ಮುಖ ನೋಡಿದ. ನಾನು ಟೊಪ್ಪಿಗೆ ಹುಡುಕುತ್ತಿದ್ದೆ. "ಬೋರಲ ಹಾಕೀವ್ರಿ ಅಕ್ಕಾರ" ಎಂದು ಸಣ್ಣಗೆ ಹೇಳಿದ.

"ಅಷ್ಟ ನೋಡು. ಬೀಸೂ ಕಲ್ಲ ಮ್ಯಾಲಿಂದ ನೋಡಿದ್ರ ಬಲಕ್ಕ ತಿರಗತೈತಿ, ಕೆಳಗಿಂದ ನೋಡಿದ್ರ ಎಡಕ್ಕ. ಬೋರಲ ಹಾಕಿದ್ರ ಉಲ್ಟಾ ತಿರಗದ ಏನು ಮಾಡೀತು?"

ಅವಳು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಬಹುಶಃ ನನ್ನ ಕೈಗೆ ಸಿಗುವ ಮೊದಲೇ ಶಾಲೆ ಬಿಟ್ಟಿದ್ದರಿಂದ ಆ ಬುದ್ಧಿ ಹಾಗೇ ಉಳಿದಿತ್ತು. ಬಸಪ್ಪ ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬಂದು, "ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ ಮಾಸ್ತರ್ರ. ಅಮಾಸಿ ದಿನ ನಮ್ಮ ಎತ್ತೂ ಹೂಡೂದಿಲ್ಲ" ಎಂದು ಸಮಾಧಾನ ಹೇಳಿದ. ಆಮೇಲೆ ಗಿರಿಜಾಳ ಕಡೆ ತಿರುಗಿ, "ನಾಳೆ ಮುಂಜಾನೆ ಬರ್ತೇನ್ರಿ ಅಕ್ಕಾರ. ನೀವು ಹೇಳಿದ್ದಕ್ಕ ಎರಡು ದಿನ ಬ್ಯಾರೆ ಕೆಲಸ ಹಿಡಿದಿಲ್ಲ" ಎಂದ. ಆಗ ಗೊತ್ತಾಯಿತು, ನಾನು ಅವನನ್ನು ಬೇಡವೆಂದ ಸಂಜೆಯೇ ಇವಳು ಅವನಿಗೆ ಹೇಳಿ ಕಳಿಸಿದ್ದಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೆಣಸಿನಗಿಡ ಉಳಿಯಿತಲ್ಲ ಎಂದು ಎದೆ ಹಗುರವಾಯಿತು.

ಮಾತಿನಂತೆ ಗಾಡಿ ಗುಜರಿಗೆ ಹೋಗಬೇಕಿತ್ತು. ಮೌಲಾಸಾಬ್ ಕೈ ಮುಗಿದು ಒಂದು ವಾರ ಕೇಳಿದ, ಗಿರಿಜಾ ಕೊಟ್ಟಳು. "ಆದ್ರ ಇವರನ್ನ ಕೇಳಂಗಿಲ್ಲ, ನಿನಗ ತಿಳಿದಂಗ ಮಾಡು" ಎಂಬುದೊಂದೇ ಷರತ್ತು. ಅವನು ಆಕ್ಸಲನ್ನು ಕಂಪನಿಯವನು ಇಟ್ಟ ಹಾಗೆ ಇಟ್ಟ. ಶಾಫ್ಟಿಗೆ ಒಂದು ತಗಡಿನ ಹೊದಿಕೆ ಹಾಕಿದ. ಗಿಡಕ್ಕೆ ತಾಗುವ ಚಿಂತೆಯೂ ಹೋಯಿತು. ಈಗ ಗಾಡಿ ಗೋಡೆಯ ಹತ್ತಿರ ಸೊಂಟ ಬಾಗಿಸಿ ಎಷ್ಟು ಚೆಂದ ತಿರುಗುತ್ತದೆಂದರೆ ಬಸಪ್ಪನ ಎತ್ತುಗಳು ನೋಡಬೇಕು. ಗೊಬ್ಬರ ಹೇರುವುದಕ್ಕೆಲ್ಲ ಅದೇ. ಎಡೆ ಹೊಡೆಯಲು ಮಾತ್ರ ಇವತ್ತಿಗೂ ಬಸಪ್ಪನೇ. ಗಾಡಿ ಓಡಿಸುವವಳು ಗಿರಿಜಾ. ಗೊಬ್ಬರದ ಬುಟ್ಟಿ ತುಂಬುವುದು ನನ್ನ ಪಾಲಿಗೆ ಬಂದಿದೆ.

ಮೊನ್ನೆ ಮಾಸೂರಿನಿಂದ ಒಬ್ಬ ರೈತ ಹುಡುಕಿಕೊಂಡು ಬಂದ. ಅವನಿಗೂ ಇಂಥದೇ ಒಂದು ಕಟ್ಟಬೇಕಂತೆ. ಕಟ್ಟೆಯ ಮೇಲೆ ಕೂಡಿಸಿ, ಬಲ ಹೇಗೆ ಹರಿಯುತ್ತದೆ, ಹಲ್ಲಿನ ಚಕ್ರ ಹೇಗೆ ದಿಕ್ಕು ಬದಲಿಸುತ್ತದೆ ಎಂದು ನೆಲದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು ಒಂದು ತಾಸು ಪಾಠ ಮಾಡಿದೆ. ಬಹಳ ದಿನದ ಮೇಲೆ ಪಾಠ ಮಾಡಿದ ಸುಖ. ಅವನು ಪಾಪ, ಎಲ್ಲ ಕೇಳಿಸಿಕೊಂಡು ಕೊನೆಗೆ, "ಅದೆಲ್ಲ ಸರಿರಿ ಸರ, ಆದ್ರ ಕೂಡ್ಸಿದ್ದು ಬರೋಬ್ಬರಿ ಐತೋ ಇಲ್ಲೋ ಹ್ಯಾಂಗ ಗೊತ್ತ ಮಾಡೂದ್ರಿ?" ಎಂದ.

ನಾನು ಬಾಯಿ ತೆರೆದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋದೆ, ಮೂಲೆಯ ಗಿಡದಿಂದ ನಾಲ್ಕು ನಿಂಬೆಹಣ್ಣು ಕಿತ್ತು ತಂದು ಅವನ ಕೈಗಿಟ್ಟೆ.